ಪದಚರ್ಚೆ: ಅಸ್ಥಿರಜ್ಜು, ಸ್ನಾಯುರಜ್ಜು, ಮೃದ್ವಸ್ಥಿ – ಮಂಡಿನೋವಿನವರಿಗೆ ಯಾವ ಪದ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಂಡಿನೋವು, ಉಳುಕು, ಹಿಮ್ಮಡಿ ನೋವು ಎಂದು ಬರುವವರಿಗೆ ವ್ಯಾಯಾಮ ಚಿಕಿತ್ಸೆ ಕೊಡುವುದು ನನ್ನ ವೃತ್ತಿ. ಅವರು ಮನೆಗೆ ಒಯ್ದು ನಿಧಾನವಾಗಿ ಓದಿಕೊಳ್ಳಲಿ ಎಂದು ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಅದರ ವಿಷಯವೆಲ್ಲ ಒಂದೇ ಕುಟುಂಬಕ್ಕೆ ಸೇರಿದ್ದು. ಶಾಲೆಯ ವಿಜ್ಞಾನ ಪಾಠ ಅದನ್ನು ‘ಸಂಯೋಜಕ ಅಂಗಾಂಶ’ ಎನ್ನುತ್ತದೆ. ಮೂಳೆ, ಕೀಲನ್ನು ಬಿಗಿದಿಡುವ ಪಟ್ಟಿ, ಮಾಂಸಖಂಡವನ್ನು ಮೂಳೆಗೆ ಸೇರಿಸುವ ಹುರಿ, ಕೊಬ್ಬು, ಚರ್ಮದ ಒಳಪದರ, ಕಿವಿಯ ಗಡಸು ಭಾಗ, ಕೊನೆಗೆ ರಕ್ತವೂ ಈ ಕುಟುಂಬದವೇ. ಬರೆಯಲು ಕುಳಿತಾಗ ಮೂರು ಪದಗಳು ದಾರಿಗೆ ಅಡ್ಡ ನಿಂತಿವೆ: ಅಸ್ಥಿರಜ್ಜು, ಸ್ನಾಯುರಜ್ಜು, ಮೃದ್ವಸ್ಥಿ. ಮೂರೂ ಪಠ್ಯಪುಸ್ತಕದಲ್ಲಿ ನೆಲೆಯೂರಿವೆ. ಕ್ರೀಡಾಪುಟಗಳಲ್ಲಿ ಮೊದಲನೆಯದು ಆಗಾಗ ಕಾಣುತ್ತದೆ. ನನ್ನ ಓದುಗರಿಗೆ ಮಾತ್ರ ಮೂರೂ ಅರ್ಥವಾಗುವುದಿಲ್ಲ, ಅಥವಾ ತಪ್ಪಾಗಿ ಅರ್ಥವಾಗುತ್ತವೆ. ತಪ್ಪಾಗಿ ಅರ್ಥವಾಗುವುದೇ ಹೆಚ್ಚು ಅಪಾಯದ್ದು. ಈ ಪತ್ರ ಅದರ ಬಗ್ಗೆ.

ಮೊದಲು ‘ಅಸ್ಥಿರಜ್ಜು’. ಅಸ್ಥಿ ಎಂದರೆ ಮೂಳೆ, ರಜ್ಜು ಎಂದರೆ ಹಗ್ಗ. ಮೂಳೆಯಿಂದ ಮೂಳೆಗೆ ಬಿಗಿದ ಹಗ್ಗ ಎನ್ನುವುದು ಕಲ್ಪನೆ. ಬಿಡಿಸಿ ಹೇಳಿದರೆ ಚೆನ್ನಾಗಿಯೇ ಇದೆ. ಆದರೆ ಸಂಸ್ಕೃತದ ಪರಿಚಯವಿಲ್ಲದವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ ನೋಡಿ. ‘ಅಸ್ಥಿರ’ ಎಂದು ಓದಿ, ಒಂದು ಕ್ಷಣ ತಡೆದು, ಉಳಿದ ‘ಜ್ಜು’ವನ್ನು ಏನು ಮಾಡುವುದೆಂದು ತಿಳಿಯದೆ ತಲೆ ಎತ್ತುತ್ತಾರೆ. ಕೀಲನ್ನು ಸ್ಥಿರವಾಗಿ ಹಿಡಿಯುವುದಕ್ಕೆಂದೇ ಇರುವ ಅಂಗ ಅದು. ಅದರ ಹೆಸರನ್ನು ಓದುವಾಗ ಕಣ್ಣಿಗೆ ಮೊದಲು ಬೀಳುವುದು ‘ಅಸ್ಥಿರ’. ನಡುವೆ ಅಡ್ಡಗೆರೆ ಹಾಕಿದರೆ ಓದು ಸರಿಹೋದೀತು, ಅರ್ಥ ಅಷ್ಟಕ್ಕೇ ತಿಳಿಯಾಗುವುದಿಲ್ಲ.

ಮಾಂಸಖಂಡವನ್ನು ಮೂಳೆಗೆ ಸೇರಿಸುವ ‘ಸ್ನಾಯುರಜ್ಜು’ವಿನ ತೊಡಕು ಇನ್ನೂ ಆಳದ್ದು. ಇಂದಿನ ಕನ್ನಡದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಮರಾಠಿಯಲ್ಲೂ ಹಾಗೆಯೇ. ಬಂಗಾಳಿಯಲ್ಲಿ ಅದೇ ಪದಕ್ಕೆ ನಾವು ನರ ಎನ್ನುವುದರ ಅರ್ಥವಿದೆ. ಹಿಂದಿಯ ಪಾರಿಭಾಷಿಕ ಬಳಕೆಯಲ್ಲೂ ಮಲಯಾಳದಲ್ಲೂ ಸ್ನಾಯು ಎಂದರೆ ಕೀಲಿನ ಕಟ್ಟು. ಮಾಂಸಖಂಡಕ್ಕೆ ಅವರು ಪೇಶಿ ಎನ್ನುತ್ತಾರೆ. ಮೂಲಕ್ಕೆ ಹೋದರೆ ಹಿಂದಿ, ಮಲಯಾಳಗಳ ಬಳಕೆಯೇ ಹಳೆಯ ಅರ್ಥಕ್ಕೆ ಹತ್ತಿರ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 900 ಸ್ನಾಯುಗಳು, 500 ಪೇಶಿಗಳು, 16 ಕಂಡರಗಳು (ನಾವು ಸ್ನಾಯುರಜ್ಜು ಎನ್ನುವ ದಪ್ಪ ಹುರಿಗಳು) ಎಂದು ಬೇರೆಬೇರೆ ಎಣಿಕೆಯೇ ಇದೆ. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ನೀರಿನಲ್ಲಿ ಹೇಗೆ ಭಾರ ಹೊರುತ್ತದೆಯೋ ಹಾಗೆ ಸ್ನಾಯುಗಳಿಂದ ಬಿಗಿದ ಸಂಧಿಗಳಿಂದಾಗಿ ಮನುಷ್ಯ ಭಾರ ತಾಳುತ್ತಾನೆ ಎಂದು ಅಲ್ಲಿ ಹೇಳಿದೆ. ಕಟ್ಟುವುದು ಸ್ನಾಯುವಿನ ಕೆಲಸ ಎನ್ನುವುದರಲ್ಲಿ ಆ ಗ್ರಂಥಕ್ಕೆ ಅನುಮಾನವಿಲ್ಲ. ಅಂದರೆ ಸ್ನಾಯು ಎಂಬುದೇ ಹಗ್ಗ. ನಾವು ಅದನ್ನು ಮಾಂಸಕ್ಕೆ ಕೊಟ್ಟುಬಿಟ್ಟೆವು; ಆಮೇಲೆ ಹಗ್ಗಕ್ಕೆ ಹೆಸರು ಬೇಕಾದಾಗ ಅದಕ್ಕೇ ಇನ್ನೊಂದು ‘ರಜ್ಜು’ ಸೇರಿಸಿದೆವು.

ಪದಗಳ ಅರ್ಥ ಹೀಗೆ ಜರುಗುವುದು ಭಾಷೆಯ ಸಹಜ ನಡೆ. ಅದನ್ನು ಹಿಂದಕ್ಕೆ ತಳ್ಳಬೇಕೆಂದು ನಾನು ಹೇಳುವುದಿಲ್ಲ. ಗ್ರೀಕಿನ ‘ನ್ಯೂರಾನ್’ ಕೂಡ ಮೊದಲು ಕಂಡರಕ್ಕೆ, ಬಿಲ್ಲಿನ ಹೆದೆಗೆ ಇದ್ದ ಹೆಸರು. ನರಕೋಶಕ್ಕೆ ಅದು ಅಂಟಿಕೊಂಡದ್ದು ಬಹಳ ತಡವಾಗಿ. ಹಾಳೆಯಂತೆ ಚಪ್ಪಟೆಯಾಗಿ ಹರಡಿದ ಕಂಡರವನ್ನು ವೈದ್ಯರು ಇಂದಿಗೂ ‘ಅಪೋನ್ಯೂರೋಸಿಸ್’ ಎನ್ನುತ್ತಾರೆ, ಅದರಲ್ಲಿ ನರದ ಸುಳಿವೇ ಇಲ್ಲದಿದ್ದರೂ.

ನಮ್ಮ ‘ನರ’ದ ಕಥೆಯೂ ಬೇರೆಯಲ್ಲ. ತಮಿಳಿನ ‘ನರಂಬು’ ಇದರ ಒಡಹುಟ್ಟು. ಅಲ್ಲಿ ಅದಕ್ಕೆ ಕಂಡರ, ರಕ್ತನಾಳ, ನರ, ಯಾಳ್ ವಾದ್ಯದ ತಂತಿ ಎಂಬ ಅರ್ಥಗಳೆಲ್ಲ ಇವೆ. ಕನ್ನಡದ ಆಡುಮಾತಿನಲ್ಲಿಯೂ ಈ ಅಗಲ ಹಾಗೆಯೇ ಉಳಿದಿದೆ. ‘ಕೈಯ ನರ ಉಬ್ಬಿದೆ’ ಎಂದರೆ ರಕ್ತನಾಳ. ‘ನರ ದೌರ್ಬಲ್ಯ’ ಎಂದರೆ ನಿಜವಾದ ನರ. ‘ಹಿಮ್ಮಡಿಯ ಹಿಂದೆ ನರ ಹಿಡಿದುಕೊಂಡಿದೆ’ ಎಂದು ನನ್ನಲ್ಲಿಗೆ ಬಂದವರು ತೋರಿಸುವುದು ಮೀನಖಂಡದಿಂದ ಇಳಿದು ಹಿಮ್ಮಡಿ ಮೂಳೆಗೆ ಅಂಟುವ ದಪ್ಪ ಹುರಿಯನ್ನು. ಅವರ ಮಾತು ತಪ್ಪೆಂದು ತಿದ್ದುವವರನ್ನು ಕಂಡಿದ್ದೇನೆ. ಪದದ ಹಳೆಯ ಅರ್ಥ ನೋಡಿದರೆ ತಿದ್ದಬೇಕಾದ್ದೇನೂ ಇಲ್ಲ. ಆದರೆ ಚಿಕಿತ್ಸೆಯ ಮಟ್ಟಿಗೆ ಈ ಅಗಲ ಕಷ್ಟ ಕೊಡುತ್ತದೆ. ನರಕ್ಕೆ ಏಟಾಗಿದೆ ಎಂದುಕೊಂಡವರಿಗೆ ಪಾರ್ಶ್ವವಾಯುವಿನ ಭಯ ಹತ್ತುತ್ತದೆ, ಕಾಲು ಅಲ್ಲಾಡಿಸಲು ಹೆದರುತ್ತಾರೆ. ಅವರಿಗೆ ಬೇಕಾದ್ದೋ, ಹದವರಿತು ಕಾಲನ್ನು ಆಡಿಸುವ ಧೈರ್ಯ.

ಇನ್ನು ‘ಮೃದ್ವಸ್ಥಿ’. ಮೃದುವಾದ ಅಸ್ಥಿ, ಮೆತ್ತನೆಯ ಮೂಳೆ. ಶಾರ್ಕ್, ತೊರಕೆಗಳನ್ನು ಮೃದ್ವಸ್ಥಿ ಮೀನುಗಳೆಂದು ಕಲಿಸುವಾಗ ಈ ಪದದಿಂದ ಯಾರಿಗೂ ತೊಂದರೆಯಿಲ್ಲ. ಮಂಡಿನೋವಿನವರ ಎದುರು ಅದೇ ಪದ ಇಟ್ಟಾಗ ಫಲ ಬೇರೆ. ಅವರ ಬಾಯಲ್ಲಿ ಮೊದಲೇ ‘ಮೂಳೆ ಸವೆದಿದೆ’ ಎಂಬ ಮಾತು ಕುಳಿತಿರುತ್ತದೆ. ಮೃದ್ವಸ್ಥಿ ಎಂದರೂ ಮೆದುಮೂಳೆ ಎಂದರೂ ಅವರ ಕಿವಿಗೆ ಬೀಳುವುದು ಮೂಳೆಯೇ. ಮೂಳೆ ಎಂದ ಮೇಲೆ ಸುಣ್ಣದಂಶ, ಸುಣ್ಣದಂಶ ಎಂದ ಮೇಲೆ ಕ್ಯಾಲ್ಸಿಯಂ ಮಾತ್ರೆ. ಒಬ್ಬ ಹಿರಿಯರು ಮಾತ್ರೆಗಳ ಚೀಲವನ್ನೇ ತಂದು ಮೇಜಿನ ಮೇಲೆ ಸುರಿದು, ಇಷ್ಟು ತಿಂದರೂ ಸವೆದದ್ದು ಏಕೆ ತುಂಬಲಿಲ್ಲ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆರಂಭದಲ್ಲಿ ಸವೆಯುವುದು ಮೂಳೆಯ ತುದಿಗೆ ಹೊದಿಸಿದ ನುಣುಪಾದ ಪದರ. ಅದರ ತೂಕದಲ್ಲಿ ಶೇ 65ರಿಂದ 80ರಷ್ಟು ನೀರು. ಉಳಿದದ್ದು ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನಿನ ನಾರು ಮತ್ತು ಆ ನೀರನ್ನು ಹಿಡಿದಿಡುವ ದೊಡ್ಡ ಅಣುಗಳು. ಆ ಪದರದೊಳಗೆ ರಕ್ತನಾಳವಿಲ್ಲ, ನರವೂ ಇಲ್ಲ. ಕೀಲಿನ ದ್ರವದಿಂದ ಒಸರಿ ಬರುವ ಪೋಷಣೆಯೇ ಅದಕ್ಕೆ ಆಧಾರ. ನಡೆದಾಡುವಾಗ ಅದು ಅದುಮಿ ಬಿಡುವುದರಿಂದ ಆ ಒಸರು ಒಳಗೆ ಹೋಗಿ ಬರುತ್ತದೆ. ಕೆಟ್ಟರೆ ಬೇಗ ಮಾಯದಿರುವುದಕ್ಕೂ, ಹಾಸಿಗೆ ಹಿಡಿದು ಮಲಗಬೇಡಿ ಎಂದು ನಾವು ಹೇಳುವುದಕ್ಕೂ ಕಾರಣ ಇದೇ. ಅಸ್ಥಿ ಎಂಬ ಪದ ಈ ಯಾವುದನ್ನೂ ಹೇಳುವುದಿಲ್ಲ, ಮುಚ್ಚಿಡುತ್ತದೆ.

ಹಾಗಾದರೆ ಈ ಅಂಗಾಂಶಗಳನ್ನೆಲ್ಲ ಒಂದೇ ಕುಟುಂಬವೆಂದು ಏಕೆ ಕರೆಯುತ್ತಾರೆ? ಪದ ಹುಡುಕುವ ಮುನ್ನ ಇದು ತಿಳಿಯಬೇಕು. ಬೇರೆ ಅಂಗಾಂಶಗಳಲ್ಲಿ ಜೀವಕೋಶಗಳೇ ಮುಖ್ಯ, ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಇಲ್ಲಿ ಕೋಶಗಳು ದೂರ ದೂರ, ನಡುವಿನ ವಸ್ತುವೇ ಹೆಚ್ಚು. ತೊಳೆ ವಿರಳವಾಗಿ, ನಾರೂ ಮೇಣವೂ ಧಾರಾಳವಾಗಿರುವ ಹಲಸಿನಹಣ್ಣನ್ನು ಬಿಡಿಸಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ತೊಳೆಯ ಜಾಗದಲ್ಲಿ ಕೋಶ, ನಾರಿನ ಜಾಗದಲ್ಲಿ ಕೊಲಾಜೆನ್ ಮತ್ತು ಸ್ಥಿತಿಸ್ಥಾಪಕ ನಾರುಗಳು, ಮೇಣದ ಜಾಗದಲ್ಲಿ ನೀರು ತುಂಬಿದ ಲೋಳೆಯಂಥ ವಸ್ತು. ಈ ಮೂರರ ಪ್ರಮಾಣ ಬದಲಾದಂತೆ ಅಂಗಾಂಶದ ಸ್ವಭಾವ ಬದಲಾಗುತ್ತದೆ. ನಾರುಗಳು ಒಂದೇ ದಿಕ್ಕಿಗೆ ಸಾಲುಗಟ್ಟಿದರೆ ಕಂಡರ. ಎಲ್ಲ ದಿಕ್ಕಿಗೂ ಹೆಣೆದುಕೊಂಡರೆ ಚರ್ಮದ ಒಳಪದರ, ಅದನ್ನೇ ಹದ ಮಾಡಿದರೆ ಚಪ್ಪಲಿಯ ತೊಗಲು. ನಾರಿನ ನಡುವೆ ಖನಿಜ ಕೂತರೆ ಮೂಳೆ. ಕೋಳಿಯ ತೊಡೆಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿ ನೋಡಿ. ಖನಿಜ ಕರಗಿಹೋಗಿ, ಆಕಾರ ಹಾಗೆಯೇ ಇರುವ, ಆದರೆ ಬಾಗಿಸಿದರೆ ಬಾಗುವ ಮೂಳೆ ಉಳಿಯುತ್ತದೆ. ಉಳಿದದ್ದು ಕೊಲಾಜೆನ್.

ಈ ನಡುವಿನ ವಸ್ತುವಿಗೆ ಪಠ್ಯಪುಸ್ತಕದ ಪದ ‘ಮಾತೃಕೆ’. ಗಣಿತದವರಿಗೆ ಮಾತೃಕೆ ಎಂದರೆ ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು. ನಮ್ಮ ಬಳಗದ ಗ್ರಂಥಸಂಪಾದಕರಿಗೆ ಅದು ಓಲೆಗರಿಯ ಮೂಲಪ್ರತಿ. ಜೀವಶಾಸ್ತ್ರದಲ್ಲಿ ಮೂರನೆಯ ಅರ್ಥ. ಲ್ಯಾಟಿನ್ನಿನ ತಾಯಿಬೇರನ್ನು ಹಿಡಿದು ಮಾಡಿದ ಪದ ಇದು, ತರಗತಿಯಲ್ಲಿ ನಡೆಯಲಿ. ಹೊತ್ತಗೆಯಲ್ಲಿ ನಾನು ‘ನಡುವಸ್ತು’ ಎಂದು ಬರೆದು ನೋಡಿದೆ. ಒಪ್ಪವಾಗಿ ಕಾಣುತ್ತಿಲ್ಲ. ‘ಒತ್ತಾಸೆ’ ಎಂಬ ಪದವೂ ಮನಸ್ಸಿಗೆ ಬಂದಿತು. ಆಸರೆಯ ಭಾವ ಅದರಲ್ಲಿ ಚೆನ್ನಾಗಿದೆ, ವಸ್ತುವಿನ ಭಾವ ಇಲ್ಲ. ಸಲಹೆಗಳಿದ್ದರೆ ಕೊಡಿ.

‘ಸಂಯೋಜಕ’ದ ವಿಚಾರವನ್ನು ಹೆಚ್ಚು ಬೆಳೆಸುವುದಿಲ್ಲ. ಕಾರ್ಯಕ್ರಮದ ಸಂಯೋಜಕರನ್ನು ಕಂಡು ಬೆಳೆದ ಮಕ್ಕಳಿಗೆ ಮೊದಲು ವಿಚಿತ್ರವೆನಿಸಿದರೂ ಪರೀಕ್ಷೆಯ ಹೊತ್ತಿಗೆ ರೂಢಿಯಾಗುತ್ತದೆ. ಜರ್ಮನಿಯ ಯೋಹಾನೆಸ್ ಮ್ಯುಲ್ಲರ್ 1830ರಲ್ಲಿ ‘ಬಿಂಡೆಗೆವೇಬೆ’ ಎಂಬ ಪದ ತಂದರು. ಬಿಗಿಯುವ ನೆಯ್ಗೆ ಎಂದು ಅದರ ಅರ್ಥ. ಅದಕ್ಕೂ ಹಿಂದೆ, 1800ರ ಸುಮಾರಿಗೆ, ಫ್ರಾನ್ಸಿನ ಬಿಶಾ ಸೂಕ್ಷ್ಮದರ್ಶಕದ ನೆರವಿಲ್ಲದೆಯೇ ದೇಹದಲ್ಲಿ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ್ದರು. ಅವರು ಬಳಸಿದ ಫ್ರೆಂಚ್ ಪದದಲ್ಲೂ ನೇಯ್ದದ್ದು ಎಂಬ ಅರ್ಥವೇ ಇದೆ. ಹಿಂದಿಯವರ ‘ಊತಕ’ ಸಂಸ್ಕೃತದ ನೇಯುವ ಧಾತುವಿನಿಂದ ಬಂದದ್ದು. ನಾವು ನಿರರ್ಗಳ ಮಾತಿಗೆ ಬಳಸುವ ‘ಓತಪ್ರೋತ’ದ ಮೊದಲ ಭಾಗವೂ ಅದೇ ಧಾತುವಿನದು, ಹಾಸು ಹೊಕ್ಕು ಎಂದು ಅದರ ಮೂಲಾರ್ಥ. ನಮ್ಮ ‘ಅಂಗಾಂಶ’ ನೆಯ್ಗೆಯನ್ನು ಕೈಬಿಟ್ಟು, ಅಂಗದ ಒಂದು ಅಂಶ ಎಂದು ಸ್ಥಾನವನ್ನು ಮಾತ್ರ ಹೇಳುತ್ತದೆ. ಹಾಗಿದ್ದೂ ಸರಳ, ಉಚ್ಚರಿಸಲು ಸುಲಭ. ಅದನ್ನು ಮುಟ್ಟುವುದು ಬೇಡ. ಆಯುರ್ವೇದದ ‘ಧಾತು’ವನ್ನು ಇಲ್ಲಿಗೆ ತರಬಹುದೆಂದು ಯಾರಾದರೂ ಹೇಳಬಹುದು. ಏಳು ಧಾತುಗಳಲ್ಲಿ ರಕ್ತ, ಮೇದಸ್ಸು, ಅಸ್ಥಿ ಮೂರೂ ಇಂದಿನ ಲೆಕ್ಕದಲ್ಲಿ ಸಂಯೋಜಕ ಅಂಗಾಂಶಗಳೇ ಎನ್ನುವುದು ಸ್ವಾರಸ್ಯ. ಆದರೆ ವ್ಯಾಕರಣದಲ್ಲೂ ರಸಾಯನಶಾಸ್ತ್ರದಲ್ಲೂ ಧಾತು ಈಗಾಗಲೇ ಬೇರೆ ಕೆಲಸದಲ್ಲಿದೆ.

ರಕ್ತ ಏನನ್ನು ಬಿಗಿಯುತ್ತದೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದರ ನಡುವಿನ ವಸ್ತು ದ್ರವ, ಅಷ್ಟೇ ವ್ಯತ್ಯಾಸ. ಗಾಯವಾದಾಗ ಆ ದ್ರವದಲ್ಲಿ ಕರಗಿದ್ದ ಪ್ರೋಟೀನು ನಾರಾಗಿ ಹೆಪ್ಪುಗಟ್ಟುವುದನ್ನು ಕಂಡರೆ ಅದೂ ಈ ಕುಟುಂಬದ್ದೇ ಎಂದು ಒಪ್ಪಬೇಕಾಗುತ್ತದೆ.

ಜೀವಕೋಶಗಳ ಹೆಸರುಗಳಲ್ಲಿ ನನ್ನ ನಿಲುವು ಸ್ಪಷ್ಟ: ಜನರಿಗಾಗಿ ಬರೆಯುವಾಗ ಕೋಶದ ಕೆಲಸವನ್ನು ಹೇಳಿದರೆ ಸಾಕು. ಫೈಬ್ರೋಬ್ಲಾಸ್ಟ್ ನಾರು ಹೆಣೆಯುವ ಕೋಶ. ಆಸ್ಟಿಯೋಬ್ಲಾಸ್ಟ್ ಮೂಳೆ ಕಟ್ಟುವ ಕೋಶ, ಆಸ್ಟಿಯೋಕ್ಲಾಸ್ಟ್ ಮೂಳೆ ಕರಗಿಸುವ ಕೋಶ. ಕಟ್ಟುವುದೂ ಕರಗಿಸುವುದೂ ಬದುಕಿನುದ್ದಕ್ಕೂ ನಡೆದಿರುತ್ತದೆ ಎಂದು ಈ ಜೋಡಿಯನ್ನು ಒಟ್ಟಿಗೆ ಓದಿದವರಿಗೆ ತಾನಾಗಿ ತಿಳಿಯುತ್ತದೆ. ಸೋಂಕನ್ನು ನುಂಗುವ ಮ್ಯಾಕ್ರೋಫೇಜ್‌ಗೆ ‘ಭಕ್ಷಕ ಕೋಶ’ ಸರಿಯಾಗಿಯೇ ಇದೆ. ಮಾಸ್ಟ್ ಕೋಶವನ್ನು ಮಾತ್ರ ಹಾಗೆಯೇ ಬಿಡುವುದು ಒಳ್ಳೆಯದು. ಜರ್ಮನ್ನಿನಲ್ಲಿ ‘ಮಾಸ್ಟ್’ ಎಂದರೆ ಮೇಯಿಸಿ ಕೊಬ್ಬಿಸುವುದು. 1878ರಲ್ಲಿ ಪಾಲ್ ಎರ್ಲಿಕ್ ಆ ಹೆಸರು ಇಟ್ಟದ್ದು, ಒಳಗೆ ತುಂಬಿದ್ದ ಕಣಗಳನ್ನು ನೋಡಿ ಅದು ಚೆನ್ನಾಗಿ ಮೇಯಿಸಿದ ಕೋಶವೆಂದು ಭಾವಿಸಿ. ಆ ಕಣಗಳಲ್ಲಿರುವುದು ತುರಿಕೆ, ಬಾವು ತರುವ ಹಿಸ್ಟಮಿನ್ ಮುಂತಾದವು ಎಂದು ಆಮೇಲೆ ತಿಳಿಯಿತು. ಅರ್ಥ ಹಿಡಿದು ಅನುವಾದಿಸಿದರೆ ಹಳೆಯ ಊಹೆಯನ್ನೇ ಹೊತ್ತು ತಂದಂತಾಗುತ್ತದೆ.

ಈಗ ನನ್ನ ಸೂಚನೆಗಳಿಗೆ ಬರುತ್ತೇನೆ. ಮೂಳೆಯಿಂದ ಮೂಳೆಗೆ ಬಿಗಿಯುವುದಕ್ಕೆ ‘ಕೀಲುಕಟ್ಟು’. ಕೀಲೂ ಕಟ್ಟೂ ಎಲ್ಲರ ನಾಲಿಗೆಯ ಮೇಲಿರುವ ಮಾತುಗಳು. ಇಂಗ್ಲಿಷರ ಲಿಗಮೆಂಟ್ ಕೂಡ ಲ್ಯಾಟಿನ್ನಿನಲ್ಲಿ ‘ಕಟ್ಟು’ ಎಂಬುದರಿಂದಲೇ ಹುಟ್ಟಿದ್ದು. ಕಾಲು ಉಳುಕಿತು ಎಂದಾಗ ಹಿಗ್ಗಿರುವುದು ಅಥವಾ ಹರಿದಿರುವುದು ಸಾಮಾನ್ಯವಾಗಿ ಇದೇ. ‘ಉಳುಕು ಎಂದರೆ ಕೀಲುಕಟ್ಟಿಗೆ ಆದ ಗಾಯ’ ಎಂದು ಬರೆದರೆ ಇನ್ನೊಂದು ವಿವರಣೆ ಬೇಡ.

ಮಾಂಸಖಂಡವನ್ನು ಮೂಳೆಗೆ ಸೇರಿಸುವುದಕ್ಕೆ ‘ಹುರಿ’ ಎಂಬ ಪದವಿರಲಿ ಎಂದು ನನ್ನ ಆಸೆ. ಅದಕ್ಕೆ ಕಾರಣವಿದೆ. ಕೊಲಾಜೆನ್ ಅಣುವೇ ಮೂರೆಳೆಯ ಹುರಿ. ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ತಮ್ಮ ಜೊತೆಗಾರ ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ ಇದರ ರಚನೆಯನ್ನು ಪ್ರಕಟಿಸಿದರು, ಮರುವರ್ಷ ಅದನ್ನು ಇನ್ನಷ್ಟು ತಿದ್ದಿದರು. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಇರುವುದರಿಂದಲೇ ಮೂರು ಎಳೆಗಳು ಅಷ್ಟು ಒತ್ತಾಗಿ ಹೊಸೆದುಕೊಳ್ಳಲು ಸಾಧ್ಯ. ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲೆಲ್ಲ ಅದೇ ಅತಿ ಚಿಕ್ಕದು. ಹೊಸೆದದ್ದು ಬಿಚ್ಚದಂತೆ ಗಟ್ಟಿಯಾಗಲು ಸಿ ಜೀವಸತ್ವ ಬೇಕು, ಅದಿಲ್ಲದಿದ್ದರೆ ಒಸಡು ಒಸರುವ, ಗಾಯ ಮಾಯದ ಸ್ಕರ್ವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್ ಮುಂದೆ ಅಲ್ಲಿಗೇ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಅಣುವಿನ ಮಟ್ಟದಲ್ಲಿ ಹುರಿ. ಆ ಅಣುಗಳು ಸೇರಿ ಎಳೆ, ಎಳೆಗಳು ಸೇರಿ ನಾರು, ನಾರಿನ ಕಂತೆಗಳು ಸೇರಿ ಹಿಮ್ಮಡಿಯ ಮೇಲೆ ಕೈಗೆ ಸಿಗುವ ಆ ದಪ್ಪ ಹುರಿ. ಎಲ್ಲ ಹಂತಕ್ಕೂ ಹೊಂದುವ ಪದ ಕನ್ನಡದಲ್ಲಿ ಮೊದಲೇ ಇರುವಾಗ ಬಿಡುವುದೇಕೆ?

ತೊಂದರೆ ಇರುವುದು ಹುರಿಯ ಜೊತೆಗೆ ಸೇರಿಸಬೇಕಾದ ಪದದಲ್ಲಿ. ಬರೀ ಹುರಿ ಎಂದರೆ ಬೆನ್ನುಹುರಿ ನೆನಪಾಗಿ ಮತ್ತೆ ನರದ ಕಡೆಗೇ ಓದುಗ ಹೋಗುತ್ತಾನೆ. ಸ್ನಾಯುಹುರಿ ಎಂದರೆ ಮೇಲೆ ಹೇಳಿದ ಗೊಂದಲವೂ ಉಳಿಯುತ್ತದೆ, ಅರಿಸಮಾಸವೆಂಬ ಆಕ್ಷೇಪವೂ ಬರುತ್ತದೆ. ‘ಎಳೆಹುರಿ’ ಯೋಚಿಸಿದೆ, ಎಳೆಯುವ ಹುರಿ ಎಂಬ ಅರ್ಥದಲ್ಲಿ. ಎಳೆಗರುವಿನ ಎಳೆ ಬೇರೆ, ದಾರದ ಎಳೆ ಬೇರೆ, ಎಳೆಯುವುದು ಬೇರೆ. ಮೂರೂ ಒಂದೇ ರೂಪದಲ್ಲಿ ಬಂದು ನಿಲ್ಲುತ್ತವೆ. ಸದ್ಯಕ್ಕೆ ನನ್ನ ಒಲವು ‘ಸೆಳೆಹುರಿ’ಯ ಕಡೆಗೆ. ಖಂಡ ಕುಗ್ಗಿದಾಗ ಮೂಳೆಯನ್ನು ಸೆಳೆಯುವ ಹುರಿ. ‘ಸ್ನಾಯು ಸೆಳೆತ’ ಎಂಬ ರೂಢಿಯ ಮಾತು ಇದಕ್ಕೆ ಅಡ್ಡ ಬರುತ್ತದೆಯೇ, ಆಸರೆಯಾಗುತ್ತದೆಯೇ ಎಂದು ನೀವು ಹೇಳಬೇಕು. ಹಳೆಯ ‘ಕಂಡರ’ವನ್ನೇ ಉಳಿಸಿಕೊಳ್ಳೋಣ ಎನ್ನುವವರಿದ್ದರೆ ಅವರ ವಾದವನ್ನೂ ಕೇಳುವ ಮನಸ್ಸಿದೆ, ಚಿಕ್ಕದು, ಬೇರೆ ಅರ್ಥದ ಹೊರೆಯಿಲ್ಲದ್ದು. ಆದರೆ ಮೀನಖಂಡ, ಮಾಂಸಖಂಡಗಳ ಪಕ್ಕದಲ್ಲಿ ಕಂಡರ ಬಂದರೆ ಕೇಳುವವರ ಕಿವಿಗೆ ಖಂಡವೇ ಬಿದ್ದೀತೆಂಬ ಅಳುಕು.

ಮೃದ್ವಸ್ಥಿಗೆ ನನ್ನ ಬಳಿ ಪದವಿಲ್ಲ. ‘ಕೀಲುಮೆತ್ತೆ’ ಮಂಡಿಗೆ ಹೊಂದೀತು, ಕಿವಿಗೂ ಮೂಗಿಗೂ ಹೊಂದುವುದಿಲ್ಲ. ಕಿವಿಯನ್ನು ಮಡಚಿ ಬಿಟ್ಟರೆ ಹಾಲೆ ಮೆತ್ತಗೆ ಜೋಲುತ್ತದೆ, ಮೇಲಿನ ಭಾಗ ಚಿಮ್ಮಿ ಮೊದಲಿನ ಆಕಾರಕ್ಕೆ ಬರುತ್ತದೆ. ಹೀಗೆ ಬಾಗಿ ಮರಳುವ, ಅಗಿದರೆ ಕರಕ್ ಎನ್ನುವ ವಸ್ತುವಿಗೆ ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ?

ಇದಕ್ಕಾಗಿ ಒಂದು ವಿನಂತಿ. ಕುರಿಯ ಕಾಲನ್ನು ಕಡಿಸಿ ತರುವ ಮನೆಗಳಲ್ಲಿ ಮೇಲೆ ಹೇಳಿದ ಎಲ್ಲವೂ ಕಣ್ಣೆದುರೇ ಇರುತ್ತವೆ. ಚರ್ಮಕ್ಕೂ ಮಾಂಸಕ್ಕೂ ನಡುವೆ ಬೆರಳು ಹಾಕಿದರೆ ಜೇಡರ ಬಲೆಯಂತೆ ಬಿಡಿಬಿಡಿಯಾಗಿ ಬರುವ ತೆಳುಪೊರೆ. ಖಂಡದ ತುದಿಯಲ್ಲಿ ಮುತ್ತಿನಂತೆ ಹೊಳೆಯುವ, ಕತ್ತಿಗೂ ಜಾರುವ ಬಿಳಿಯ ಪಟ್ಟಿ. ಮೂಳೆಯ ಗುಂಡು ತುದಿಗೆ ಮೆತ್ತಿದ, ನೀಲಿ ಛಾಯೆಯ ಬಿಳಿ ನುಣುಪು ಪದರ. ಉಗುರು ಒತ್ತಿದರೆ ಸ್ವಲ್ಪವೇ ತಗ್ಗಿ ಮತ್ತೆ ಏಳುತ್ತದೆ. ಕಾಲುಸೂಪು ಮಾಡಿ ರಾತ್ರಿ ಇಟ್ಟರೆ ಬೆಳಗ್ಗೆ ಅದು ಗಡ್ಡೆಗಟ್ಟಿ ನಡುಗುತ್ತಿರುತ್ತದೆ. ಬೇಯುವಾಗ ಕೊಲಾಜೆನ್ನಿನ ಹುರಿ ಬಿಚ್ಚಿ ಜೆಲಾಟಿನ್ ಆದದ್ದರ ಗುರುತು. ಕಟುಕರು, ತೊಗಲು ಹದಮಾಡುವವರು, ಮದ್ದಳೆ ತಮ್ಮಟೆಗಳಿಗೆ ಚರ್ಮ ಬಿಗಿಯುವವರು, ದನದ ವೈದ್ಯರು, ಗರಡಿಯ ಉಸ್ತಾದರು, ಮುರಿದ ಕೈಕಾಲಿಗೆ ಕಟ್ಟು ಹಾಕುವ ನಾಟಿವೈದ್ಯರು, ಇವರೆಲ್ಲ ಈ ಭಾಗಗಳನ್ನು ದಿನವೂ ಮುಟ್ಟುವವರು. ಪಠ್ಯಪುಸ್ತಕ ಬರುವ ಎಷ್ಟೋ ಮೊದಲೇ ಇವಕ್ಕೆ ಹೆಸರಿಟ್ಟಿರುತ್ತಾರೆ. ಅವರ ಬಾಯಿಂದ ಕೇಳಿದ ಪದವನ್ನು, ಊರಿನ ಹೆಸರನ್ನೂ ಯಾವ ಭಾಗಕ್ಕೆ ಹೇಳಿದರೆಂಬುದನ್ನೂ ಸೇರಿಸಿ, ಇಲ್ಲಿ ಹಂಚಿಕೊಳ್ಳಿ.

ಹಳಗನ್ನಡ ಬಲ್ಲವರಿಗೆ ಇನ್ನೊಂದು ಪ್ರಶ್ನೆ. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣಗಳಲ್ಲಿ ಸ್ನಾಯು, ನರ, ಕಂಡರಗಳು ಯಾವ ಅರ್ಥದಲ್ಲಿ ಬಂದಿವೆ? ಸ್ನಾಯುವಿಗೆ ಮಾಂಸಖಂಡದ ಅರ್ಥ ಬಂದದ್ದು ಆ ಕಾಲದಲ್ಲೋ, ಶಾಲಾ ಪಾಠಗಳು ಶುರುವಾದ ಮೇಲೋ? ಪದ್ಯದ ಸಾಲು ಸಿಕ್ಕರೆ ಅದನ್ನೇ ಬರೆದು ಕಳುಹಿಸಿ.

ಹೊತ್ತಗೆ ಅಚ್ಚಿಗೆ ಹೋಗುವ ಮುನ್ನ ಕೀಲುಕಟ್ಟು, ಸೆಳೆಹುರಿಗಳನ್ನು ಚಿಕಿತ್ಸೆಗೆ ಬಂದವರಿಗೆ ಓದಿಸಿ, ಅವರು ಯಾವ ಭಾಗವನ್ನು ಬೆರಳಿಟ್ಟು ತೋರಿಸುತ್ತಾರೆಂದು ನೋಡುವ ಯೋಚನೆಯಿದೆ. ಅಷ್ಟರೊಳಗೆ ನಿಮ್ಮ ಪದಗಳೂ ಬಂದರೆ ಅವನ್ನೂ ಸೇರಿಸಿಯೇ ಓದಿಸುತ್ತೇನೆ.

ವಂದನೆಗಳೊಂದಿಗೆ.